ಒಂದೇ ಕಾಲಿನ ಅಳತೆ

ಅಕ್ಟೋಬರ್ ತಿಂಗಳ ಕೊನೆಯ ವಾರ. ಬಿದ್ದ ಹಿಮ ಗಟ್ಟಿಯಾಗಿ ನಿಲ್ಲುವುದಿಲ್ಲ, ಕರಗಿದ ನೀರು ಹರಿದು ಹೋಗುವುದಿಲ್ಲ. ಉಸ್ತ್-ಗರೇವಾದ ಬೀದಿಗಳಲ್ಲಿ ಪಾದ ಮುಳುಗುವಷ್ಟು ಬೂದುಬಣ್ಣದ ರಾಡಿ. ಇಂಥ ಕಾಲದಲ್ಲಿ ಮನೆಯಿಂದ ಹೊರಗೆ ಕಾಲಿಡುವವರು ಒಂದೋ ಹುಚ್ಚರು, ಇಲ್ಲವೇ ಬೇರೆ ದಾರಿಯಿಲ್ಲದವರು. ರೂಫಿನಾಗೆ ಬೇರೆ ದಾರಿ ಇರಲಿಲ್ಲ. ಬೆಳಗಿನ ಲಾಂಚು ಹತ್ತಿ ಕಾಮಾ ನದಿ ದಾಟಿ, ಆಚೆ ದಡದ ಪಟ್ಟಣದ ಸಂತೆಗೆ ಹೋದಳು. ಗಂಡನಿಗೆ ಚಳಿಗಾಲದ ಬೂಟು ತರಬೇಕಿತ್ತು.

ಯಾವುದೋ ಒಂದು ಜೊತೆ ಎತ್ತಿಕೊಂಡು ಬರುವ ಮಾತಾಗಿದ್ದರೆ ಅವಳು ಅಷ್ಟು ದೂರ ಹೋಗುತ್ತಿರಲಿಲ್ಲ. ಗಂಡ ವೆನಿಯಾಮಿನ್‌ನಿಗೆ, ಊರ ಬಾಯಲ್ಲಿ ವೇನ್ಯಾನಿಗೆ, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಪಾದಗಳು ಸತ್ತೇ ಹೋದ ಹಾಗಿದ್ದವು. ಬಿಸಿ, ತಂಪು, ಚುಚ್ಚಿದ್ದು, ಒತ್ತಿದ್ದು ಒಂದೂ ತಿಳಿಯುತ್ತಿರಲಿಲ್ಲ. ಜೂನ್‌ನಲ್ಲಿ ಮೊಳೆಯೊಂದನ್ನು ತುಳಿದು, ಅದು ಅಂಗಾಲಲ್ಲಿ ನೆಟ್ಟುಕೊಂಡಿದ್ದರೂ ಸಂಜೆಯವರೆಗೆ ಊರೆಲ್ಲ ಸುತ್ತಿ ಬಂದಿದ್ದ ಪುಣ್ಯಾತ್ಮ. ಆ ಗಾಯ ವಾಸಿಯಾಗುವುದಕ್ಕೆ ಏಳು ವಾರ ಹಿಡಿಯಿತು. ಆಗಲೇ ಡಾಕ್ಟರಮ್ಮ ರೂಫಿನಾಳನ್ನು ಬದಿಗೆ ಕರೆದು ಹೇಳಿದ್ದಳು: "ಪಾದ ಬೆಚ್ಚಗಿರ್ಬೇಕು, ಒಣಗಿರ್ಬೇಕು, ಎಲ್ಲೂ ಬಿಗೀಬಾರ್ದು. ದಿನಾ ಸಂಜೆ ಕಣ್ಣಾರೆ ನೋಡ್ಬೇಕು. ಇನ್ನೊಂದು ಗಾಯ ಆದ್ರೆ ಕಾಲೇ ತೆಗೀಬೇಕಾಗತ್ತೆ, ರೂಫಿನಾ ಯೆಗೊರೊವ್ನಾ. ಈಗ್ಲೇ ಹೇಳಿದೀನಿ."

ಕಾಲು ಹೋದರೆ ವೆನಿಯಾಮಿನ್‌ನಲ್ಲಿ ಉಳಿಯುವುದು ಏನು? ಮೂವತ್ತನಾಲ್ಕು ವರ್ಷ ಅದೇ ಲಾಂಚನ್ನು ನಡೆಸಿದವನು ಅವನು. ಕೆಲಸ ಬಿಟ್ಟ ಮೇಲೂ ದಿನಾ ಬೆಳಿಗ್ಗೆ ದಡಕ್ಕೆ ನಡೆದುಹೋಗಿ, ನೀರು ನೋಡಿ, ಹೊಸ ಚಾಲಕನಿಗೆ ದಡದಿಂದಲೇ ನಾಲ್ಕು ಬೈದು ಬಂದರೆ ಮಾತ್ರ ಅವನಿಗೆ ಗಂಜಿ ಒಳಗಿಳಿಯುವುದು. ಮನೆಯಲ್ಲಿ ಕೂರಿಸಿದರೆ ಎರಡು ವರ್ಷವೂ ಬಾಳುವ ಜೀವ ಅಲ್ಲ ಎಂದು ರೂಫಿನಾಗೆ ಗೊತ್ತಿತ್ತು.

ಸಂತೆಯ ಬೂಟಿನ ಅಂಗಡಿಯಲ್ಲಿ ಇಲೋನಾ ಎಂಬ ಹುಡುಗಿ ಕೂತಿದ್ದಳು. ಮೊದಲು ತೋರಿಸಿದ್ದು ಕಂಠಕ್ಕೆ ತುಪ್ಪಳ ಅಂಟಿಸಿದ ಚರ್ಮದ ಬೂಟು. ರೂಫಿನಾ ಅದರ ಅಟ್ಟೆಯನ್ನು ಒಮ್ಮೆ ಬಗ್ಗಿಸಿ ನೋಡಿ ವಾಪಸು ಇಟ್ಟಳು.

"ಇದು ಮದುವೆಗೆ ಹೋಗೋದಕ್ಕೆ. ನಮ್ಮ ಬೀದೀಲಿ ಎರಡು ದಿನಕ್ಕೆ ಬಾಯಿ ಬಿಡತ್ತೆ. ಬೇರೆ ತೋರ್ಸು."

ಹುಡುಗಿ ನಕ್ಕು ಒಳಗಿನಿಂದ ಇನ್ನೊಂದು ಜೊತೆ ತಂದಳು. ಹೊರಗೆ ಹಗುರವಾದ ಫೋಮ್ ರಬ್ಬರು, ಹೊಲಿಗೆಯೇ ಇಲ್ಲ, ಒಂದೇ ಅಚ್ಚು. ಒಳಗೆ ದಪ್ಪ ಉಣ್ಣೆಯ ಇನ್ನೊಂದು ಪದರ, ಕಾಲುಚೀಲದ ಹಾಗೆ ಎಳೆದು ತೆಗೆದು ಒಲೆಯ ಮೇಲೆ ಒಣಗಿಸಬಹುದು. ರೂಫಿನಾ ಮೊಣಕೈವರೆಗೆ ಕೈ ತೂರಿಸಿದಳು, ತುದಿಯಲ್ಲಿ ಬೆರಳಾಡಿಸಿದಳು, ಒಳಪದರ ಎಳೆದು ಮೂಸಿದಳು, ಅಟ್ಟೆಯ ಹಲ್ಲುಗಳನ್ನು ಉಗುರಿನಿಂದ ಕೆರೆದಳು. ತಪ್ಪು ಹುಡುಕಲೆಂದೇ ನೋಡಿದರೂ ಸಿಗಲಿಲ್ಲ. ರಾಡಿ ಒಳಗೆ ಬರುವುದಿಲ್ಲ, ಹಿಮಕ್ಕೆ ಜಾರುವುದಿಲ್ಲ, ತೂಕ ಬೆಕ್ಕಿನ ಮರಿಯಷ್ಟು.

"ಕೊಡು ಹಾಗಾದ್ರೆ. ನಲವತ್ಮೂರು ಇರ್ಬೇಕು ಅವ್ನಿಗೆ."

"ಇರ್ಬೇಕು ಅಂದ್ರೆ ಆಗಲ್ಲ ಚಿಕ್ಕಮ್ಮಾ. ಸಕ್ಕರೆ ಕಾಯ್ಲೆ ಅಂತೀರಿ. ಚಿಕ್ಕಪ್ಪನ್ನೇ ಕರ್ಕೊಂಡು ಬನ್ನಿ. ಎರಡೂ ಕಾಲಿಗೆ ಹಾಕಿ, ಎದ್ದು ನಿಲ್ಸಿ, ಎಲ್ಲಿ ಒತ್ತತ್ತೆ ಅಂತ ನಾನೇ ಕೈಯಿಟ್ಟು ನೋಡ್ತೀನಿ. ಅವ್ರಿಗಂತೂ ಗೊತ್ತಾಗಲ್ವಲ್ಲ."

"ಅವ್ನನ್ನ ಕರ್ಕೊಂಡು ಬರೋದಾ? ಅದಕ್ಕಿಂತ ಲಾಂಚನ್ನೇ ತಲೆ ಮೇಲೆ ಹೊತ್ಕೊಂಡು ಬರೋದು ಸುಲಭ ಕಣೇ. ಬೇರೆಯವ್ನು ಚಕ್ರ ಹಿಡಿದಿರೋ ಲಾಂಚಿಗೆ ಹತ್ತಲ್ಲ ಅಂತ ಆಣೆ ಮಾಡಿ ಕೂತಿದಾನೆ. ಐದು ವರ್ಷ ಆಯ್ತು."

"ಮತ್ತೆ ಜೂನ್‌ನಲ್ಲಿ ಮೊಳೆ ಚುಚ್ಚಿದಾಗ ಈ ದಡದ ಆಸ್ಪತ್ರೆಗೆ ಬಂದ್ರು ಅಂದ್ರಲ್ಲ?"

"ಜ್ವರದಲ್ಲಿ ಮೈಮೇಲೆ ಜ್ಞಾನ ಇರ್ಲಿಲ್ಲ. ಹೊತ್ಕೊಂಡು ಬಂದ್ವಿ."

ಇಲೋನಾ ಬೂಟುಗಳನ್ನು ತನ್ನ ಕಡೆಗೆ ಎಳೆದುಕೊಂಡಳು. ನೋಡದೆ ಕೊಡುವುದಿಲ್ಲ, ನಾಳೆ ಏನಾದರೂ ಆದರೆ ನನಗೆ ನಿದ್ದೆ ಬರುವುದಿಲ್ಲ ಎಂದಳು. ಒಳ್ಳೆಯ ಹುಡುಗಿ. ಆದರೆ ಅಂದು ರೂಫಿನಾಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಿನ್ನೆ ಮೊನ್ನೆ ಹುಟ್ಟಿದವಳು ನನಗೆ ಬೂಟು ಕೊಳ್ಳುವುದನ್ನು ಕಲಿಸುತ್ತಾಳೆ ಎಂದು ಗೊಣಗುತ್ತ ಬರಿಗೈಯಲ್ಲಿ ಲಾಂಚು ಹತ್ತಿದಳು.

ಮನೆಯಲ್ಲಿ ವಿಷಯ ಕೇಳಿದ ವೆನಿಯಾಮಿನ್‌ಗೆ ಸಂತೋಷವೇ ಆಯಿತು.

"ಫೋಮಿನ ಬೂಟಂತೆ! ಭಾನುವಾರ ಮೀನು ಹಿಡಿಯೋಕೆ ಬರ್ತಾರಲ್ಲ ಪಟ್ಟಣದ ಸೋಂಬೇರಿಗಳು, ಅವ್ರು ಹಾಕ್ಕೊಳ್ಳೋದು ಅದು. ಉಣ್ಣೆ ಬಡಿಯೋ ಅವೆರ್ಯಾನ್ ಮೂರನೇ ಮನೇಲಿರೋವಾಗ ನಿಂಗ್ಯಾಕೇ ನದಿ ದಾಟೋ ಉಸಾಬರಿ? ಪಿಮಿ ಮಾಡ್ಸು. ನಮ್ಮಪ್ಪ ಪಿಮೀಲೇ ಬಾಳ್ದ, ಪಿಮೀಲೇ ಸತ್ತ."

ಕುರಿಯ ಉಣ್ಣೆಯನ್ನು ಬಿಸಿನೀರಲ್ಲಿ ನಾದಿ, ಬಡಿದು, ಮರದ ಅಚ್ಚಿಗೆ ಎಳೆದು ಮಾಡಿದ ಮೊಣಕಾಲುದ್ದದ ಬೂಟು ಪಿಮಿ. ಅದಕ್ಕೆ ಹೊಲಿಗೆ ಇಲ್ಲ, ಅಟ್ಟೆ ಇಲ್ಲ. ರಾಡಿಯ ದಿನಗಳಲ್ಲಿ ಅದರ ಮೇಲೆ ರಬ್ಬರಿನ ಮೇಲ್ಜೋಡು ತೊಡಿಸಿದರೆ ಆಯಿತು. ಎಡ ಬಲ ಎಂಬ ಭೇದವೂ ಇಲ್ಲ. ಎರಡೂ ಒಂದೇ ಅಚ್ಚಿನಿಂದ ಬರುತ್ತವೆ. ಒಂದು ಚಳಿಗಾಲ ತೊಟ್ಟು ನಡೆದ ಮೇಲೆ ಯಾವುದು ಎಡ, ಯಾವುದು ಬಲ ಎಂದು ಕಾಲೇ ತೀರ್ಮಾನಿಸುತ್ತದೆ. ಹಾಗಾಗಿ ಪಿಮಿ ಮಾಡಿಸುವುದಕ್ಕೆ ಆಳು ಹೋಗಬೇಕಿಲ್ಲ. ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಬರ್ಚ್ ಕಡ್ಡಿಯೊಂದನ್ನು ಹಿಡಿದು, ಕತ್ತರಿಸಿ, ಕಳಿಸಿಕೊಟ್ಟರೆ ಸಾಕು. ಕಾಡಿನಲ್ಲಿ ಮರ ಕಡಿಯುವ ಗಂಡಂದಿರಿಗೆ, ಸೈನ್ಯದಲ್ಲಿದ್ದ ಮಕ್ಕಳಿಗೆ ಉಸ್ತ್-ಗರೇವಾದ ಹೆಂಗಸರು ಹೀಗೆಯೇ ಕಡ್ಡಿ ಕೊಟ್ಟು ಪಿಮಿ ಮಾಡಿಸಿದ್ದು. ಯಾರೂ ಎರಡು ಕಡ್ಡಿ ಕೊಟ್ಟದ್ದಿಲ್ಲ.

ರೂಫಿನಾಗೂ ಸಾಕಾಗಿತ್ತು. ಉಣ್ಣೆ ಬೆಚ್ಚಗಿರುತ್ತದೆ, ಮೆತ್ತಗಿರುತ್ತದೆ, ಮೇಲ್ಜೋಡು ಇದ್ದರೆ ಒದ್ದೆಯೂ ಆಗುವುದಿಲ್ಲ, ಇನ್ನೇನು ಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಮರುದಿನ ಬೆಳಿಗ್ಗೆ ಕಡ್ಡಿ, ಚಾಕು ಹಿಡಿದು ಅವನ ಹಾಸಿಗೆಯ ಬಳಿ ಬಂದಳು. ಅವನು ಮೊಣಕಾಲವರೆಗೆ ರಜಾಯಿ ಹೊದ್ದು ಕೂತು ಚಹಾ ಕುಡಿಯುತ್ತಿದ್ದ.

"ಕಾಲು ಚಾಚು."

ಅವನು ರಜಾಯಿಯ ಒಳಗೆ ಸ್ವಲ್ಪ ಮಿಸುಕಾಡಿ ಬಲಗಾಲು ಚಾಚಿದ. ಅವಳು ಅಳೆದಳು, ಕಾಲುಚೀಲಕ್ಕೆಂದು ಒಂದು ಬೆರಳಗಲ ಹೆಚ್ಚಿಗೆ ಬಿಟ್ಟು ಕತ್ತರಿಸಿದಳು. ಕಡ್ಡಿ ತೆಗೆದುಕೊಂಡ ಅವೆರ್ಯಾನ್, "ಇದು ನಮ್ಮ ವೇನ್ಯಾನ ಕಾಲೇ ತಾನೆ?" ಎಂದು ತಮಾಷೆ ಮಾಡಿದ. "ಇನ್ಯಾರ್ದು, ಪಾದ್ರೀದಾ?" ಎಂದು ಅವಳೂ ನಕ್ಕಳು.

ಹತ್ತು ದಿನಕ್ಕೆ ಪಿಮಿ ಬಂತು. ಬೂದು ಬಣ್ಣ, ಹಲಗೆಯ ಹಾಗೆ ಗಟ್ಟಿ, ಎಲ್ಲೂ ಒಂದು ಗಂಟಿಲ್ಲ. ವೆನಿಯಾಮಿನ್ ಬಾಗಿಲ ಕಡೆ ಮುಖ ಮಾಡಿ ಕೂತು ತಾನೇ ತೊಟ್ಟುಕೊಂಡ. ಒಂದು ಸಲೀಸಾಗಿ ಹೋಯಿತು. ಇನ್ನೊಂದಕ್ಕೆ ಬಹಳ ಹೊತ್ತು ಹಿಡಿಯಿತು.

"ಹೇಗಿದೆ?"

"ಹೇಳಿ ಮಾಡ್ಸಿದ ಹಾಗಿದೆ," ಎಂದು ಎದ್ದು ನದಿಯ ಕಡೆ ಹೊರಟೇಬಿಟ್ಟ.

ದಿನಾ ಸಂಜೆ ಪಾದ ನೋಡಬೇಕು ಎಂದಿದ್ದಳಲ್ಲ ಡಾಕ್ಟರಮ್ಮ, ರೂಫಿನಾ ದಿನಾ ಸಂಜೆ ಕೇಳಿದಳು. ಕೇಳಿದಳು ಅಷ್ಟೇ, ನೋಡಲಿಲ್ಲ. ಅವನು ಒಲೆಯ ಹಿಂದೆ ಕೂತು ತಾನೇ ಪಿಮಿ ಬಿಚ್ಚಿ, "ನೋಡ್ಕೊಂಡೆ, ಚೆನ್ನಾಗಿದೆ. ನಾನೇನು ತೊಟ್ಟಿಲ ಮಗುನಾ?" ಎನ್ನುತ್ತಿದ್ದ. ಮೊದಲ ಶನಿವಾರ ಉಗಿಸ್ನಾನಕ್ಕೆ ಬರಲಿಲ್ಲ, ನೆಗಡಿ ಎಂದ. ಎರಡನೇ ಶನಿವಾರ ತಲೆನೋವು ಎಂದ. ನಲವತ್ತು ವರ್ಷದಲ್ಲಿ ಒಂದೇ ಒಂದು ಶನಿವಾರ ಉಗಿಮನೆ ತಪ್ಪಿಸಿದ ಗಂಡಸಲ್ಲ. ಅಲ್ಲಿಗಾದರೂ ಅವಳಿಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. "ಕೊಳಕ, ಹಂದಿ ಕೂಡ ನಿನ್ನ ಪಕ್ಕ ಮಲಗಲ್ಲ," ಎಂದು ಬೈದು ಒಬ್ಬಳೇ ಸ್ನಾನ ಮಾಡಿ ಬಂದಳು.

ಮೂರನೇ ವಾರ ಮನೆಯಲ್ಲಿ ವಾಸನೆ ಶುರುವಾಯಿತು. ನೆಲಮಾಳಿಗೆಯಲ್ಲಿ ಆಲೂಗಡ್ಡೆ ಕೊಳೆತಿದೆ ಎಂದುಕೊಂಡು ಅವಳು ಇಡೀ ಒಂದು ಮಧ್ಯಾಹ್ನ ಆಲೂಗಡ್ಡೆ ಆರಿಸಿದಳು. ಮೇಲೆ ಬಂದು ನೋಡಿದರೆ ವೆನಿಯಾಮಿನ್ ಬಲಗಾಲಿನ ಪಿಮಿ ಬಿಚ್ಚಿಟ್ಟು, ಎಡಗಾಲಿನದನ್ನು ಎರಡೂ ಕೈಯಿಂದ ಎಳೆಯುತ್ತ ಬೆವರುತ್ತಿದ್ದ. ಅದು ಬರುತ್ತಿರಲಿಲ್ಲ. ಅವಳು ಎಳೆದಳು, ಬರಲಿಲ್ಲ. ಕೊನೆಗೆ ಅಡುಗೆಯ ಚಾಕುವಿನಿಂದ ಉಣ್ಣೆಯನ್ನು ಮೇಲಿಂದ ಕೆಳಗೆ ಕೊಯ್ದಳು. ಪಾದ ಊದಿ ಮೂಟೆಯಾಗಿತ್ತು. ಹಿಮ್ಮಡಿ ತೆರೆದು ಹೋಗಿತ್ತು, ಎರಡು ಬೆರಳು ಕಪ್ಪಾಗಿದ್ದವು. ಅವನು ಅದನ್ನು ಯಾರದೋ ಕಾಲೆಂಬಂತೆ ನೋಡುತ್ತ ಕೂತಿದ್ದ, ಏಕೆಂದರೆ ಅವನಿಗೆ ನೋವೇ ಇರಲಿಲ್ಲ.

ಲಾಂಚು ನಿಂತು ಐದು ದಿನವಾಗಿತ್ತು. ನದಿಯ ಮೇಲೆ ಮಂಜುಗಡ್ಡೆ ಕಟ್ಟಿತ್ತು, ಆದರೆ ಆಳಿನ ಭಾರ ತಡೆಯುವಷ್ಟು ಕಟ್ಟಿರಲಿಲ್ಲ. ಆಚೆ ದಡದ ಆಸ್ಪತ್ರೆಯ ದೀಪ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಮಂಜುಗಡ್ಡೆಯ ಮೇಲೆ ಹೋಗುವ ಗಾಳಿದೋಣಿ ಬರುವುದಕ್ಕೆ ಎರಡು ದಿನ ಕಾಯಬೇಕಾಯಿತು. ಮೊಣಕಾಲಿನ ಕೆಳಗೆ ಕತ್ತರಿಸಿದರು.

"ಈ ಪಾದ ಆಗಸ್ಟಿನಿಂದ್ಲೇ ಊದಿರ್ಬೇಕಲ್ಲ?" ಎಂದು ಡಾಕ್ಟರಮ್ಮ ರೂಫಿನಾಳನ್ನು ಕೇಳಿದಳು. "ಈ ಪಿಮಿ ಹಾಕೋ ಮೊದ್ಲೇ ಕರ್ಕೊಂಡು ಬಂದಿದ್ರೆ ಒಂದು ಬೆರಳೂ ಹೋಗ್ತಿರ್ಲಿಲ್ಲ." ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ ಅವಳಿಗೆ ಆಗ ಹೊಳೆಯಿತು. ತಾನು ಅಳೆದದ್ದು ಒಂದೇ ಕಾಲು. ಸರಿಯಿದ್ದ ಕಾಲು.

ಅವಳು ಇದನ್ನು ಯಾರಿಗೂ ಹೇಳಲಿಲ್ಲ. ಹೇಳುವುದಕ್ಕೆ ಬಾಯಿ ಬರಲಿಲ್ಲ. ಊರು ಸುಮ್ಮನಿರುತ್ತದೆಯೇ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಅವೆರ್ಯಾನ್‌ಗೆ ವಯಸ್ಸಾಯಿತು, ಕಣ್ಣು ಮಂಜಾಯಿತು, ಅಳತೆ ತಪ್ಪಿ ಬಿಗಿ ಪಿಮಿ ಮಾಡಿ ವೇನ್ಯಾನ ಕಾಲು ತಿಂದ ಎಂದು ರೊಟ್ಟಿ ಅಂಗಡಿಯ ಸಾಲಿನಲ್ಲಿ ಮಾತಾಯಿತು. ಹೊಸ ವರ್ಷದ ಹೊತ್ತಿಗೆ ಅವನ ಮನೆಗೆ ಕಡ್ಡಿ ತರುವವರೇ ಇಲ್ಲವಾದರು. ರೂಫಿನಾ ಆ ಸಾಲಿನಲ್ಲೇ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡು ರೊಟ್ಟಿ ತೆಗೆದುಕೊಂಡು ಮನೆಗೆ ಬಂದಳು. ಅವಳು ಅಳುತ್ತಿದ್ದದ್ದು ಕೊಟ್ಟಿಗೆಯಲ್ಲಿ, ಬೆಳಿಗ್ಗೆ ಮೇಕೆಯ ಹಾಲು ಕರೆಯುವಾಗ, ಅದರ ಹೊಟ್ಟೆಗೆ ತಲೆಯಿಟ್ಟು, ಇನ್ನೊಂದು ಕಾಲನ್ನೂ ಯಾಕೆ ನೋಡಲಿಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತ. ಅಲ್ಲಿ ಯಾರೂ ನೋಡುವುದಿಲ್ಲ ಎಂದು ಅವಳ ಲೆಕ್ಕ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಅವೆರ್ಯಾನ್ ಬಂದ. ಟೋಪಿ ತೆಗೆದು ಹೊಸ್ತಿಲ ಬಳಿಯೇ ನಿಂತ. ವೆನಿಯಾಮಿನ್ ಗೋಡೆ ಪಕ್ಕದ ಹಾಸಿಗೆಯಲ್ಲಿ ದಿಂಬಿಗೊರಗಿ ಕೂತಿದ್ದ. ಮೂರು ತಿಂಗಳಲ್ಲಿ ಅವನ ಮುಖಕ್ಕೆ ಹತ್ತು ವರ್ಷ ವಯಸ್ಸಾದಂತಿತ್ತು. ನದಿಯ ಹೆಸರನ್ನೇ ಎತ್ತುತ್ತಿರಲಿಲ್ಲ.

"ಐವತ್ತು ವರ್ಷ ಉಣ್ಣೆ ಬಡ್ದಿದೀನಿ ರೂಫಾ," ಅವೆರ್ಯಾನ್ ಹೇಳಿದ. "ನೀನು ಕೊಟ್ಟ ಕಡ್ಡಿಗೆ ಸರಿಯಾಗೇ ಮಾಡ್ದೆ ಅಂತ ನನ್ನ ನೆನಪು. ಆದ್ರೆ ಊರೆಲ್ಲ ಅಂದ ಮೇಲೆ ನಂಗೇ ಅನುಮಾನ ಬಂದಿದೆ. ನೀನೇ ಹೇಳ್ಬಿಡು. ತಪ್ಪು ನಂದು ಅಂತಾದ್ರೆ ಇವತ್ತೇ ಅಚ್ಚುಗಳನ್ನ ಒಲೆಗೆ ಹಾಕ್ತೀನಿ."

ರೂಫಿನಾ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. ಮುದುಕ ಟೋಪಿ ಕೈಯಲ್ಲಿ ಹಿಡಿದು ಹೊಸ್ತಿಲಲ್ಲೇ ನಿಂತಿದ್ದನ್ನು ನೋಡಿ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು.

"ನಿಂದೇನಿಲ್ಲ ಅವೆರ್ಯಾನ್. ನಂದೇ ತಪ್ಪು. ಅವ್ನ ಬಲಗಾಲು ಅಳೆದೆ, ಎಡಗಾಲು ನೋಡ್ಲೇ ಇಲ್ಲ. ಅದು ಆಗ್ಲೇ ಊದಿತ್ತು. ಊರಿಗೆ ನಾನೇ ಹೇಳ್ತೀನಿ, ನಾಳೇನೇ ಹೇಳ್ತೀನಿ." ಆಮೇಲೆ ಗಂಡನ ಕಡೆ ತಿರುಗಿದಳು. "ವೇನ್ಯಾ, ನಿನ್ನ ಕಾಲು ಕಳ್ದೋಳು ನಾನು ಕಣೋ."

ಅವೆರ್ಯಾನ್ ಬೆಂಚಿನ ಮೇಲೆ ಕುಸಿದು ಕೂತ. "ಎಲ್ರೂ ಒಂದೇ ಕಾಲು ಅಳೆಯೋದು, ರೂಫಾ," ಎಂದ ಮೆಲ್ಲಗೆ. "ನಾನೂ ಕೇಳ್ಲಿಲ್ಲ."

ವೆನಿಯಾಮಿನ್ ರಜಾಯಿಯ ಅಂಚನ್ನು ಬೆರಳಿನಿಂದ ಮಡಿಸಿದ.

"ಎಡಗಾಲೇ ನಿನ್ನ ಕಡೆ ಇತ್ತು," ಎಂದ. "ನೀನು ಚಾಚು ಅಂದಾಗ ಅದನ್ನ ಒಳಗೆ ಎಳ್ಕೊಂಡು ಬಲಗಾಲು ಚಾಚ್ದೆ."

"ಯಾಕೆ?"

"ಊದಿತ್ತಲ್ಲ. ನೀನು ನೋಡಿದ್ರೆ ಅವತ್ತೇ ಲಾಂಚು ಹತ್ತಿಸ್ತಿದ್ದೆ. ಹತ್ತಿಸಿದ್ರೆ ಆಚೆ ದಡದಲ್ಲಿ ಕತ್ತರಿಸ್ತಾರೆ ಅಂತ ಹೆದರ್ಕೊಂಡೆ."

ಅವತ್ತೇ ಹೋಗಿದ್ದರೆ ಒಂದು ಬೆರಳೂ ಹೋಗುತ್ತಿರಲಿಲ್ಲ ಎಂಬ ಮಾತು ರೂಫಿನಾಳ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಮೂರು ತಿಂಗಳಿಂದ ಹೊತ್ತ ಭಾರ ಈಗ ಇಳಿಯಬೇಕಿತ್ತು, ಹಗುರಾಗಬೇಕಿತ್ತು. ಇಳಿಯಲಿಲ್ಲ. ಅವಳ ಕಣ್ಣು ಹಾಸಿಗೆಯ ಹಿಂದಿನ ಮರದ ಗೋಡೆಯ ಮೇಲೆ ನಿಂತಿತು. ಆ ಗೋಡೆಯ ಆಚೆಗೇ ಕೊಟ್ಟಿಗೆ.

"ವೇನ್ಯಾ, ನಾನು ಬೆಳಿಗ್ಗೆ ಮೇಕೆ ಹತ್ರ ಅಳೋದು ನಿಂಗೆ ಕೇಳಿಸ್ತಿತ್ತಾ?"

ಅವನು ಅವಳ ಮುಖ ನೋಡಲಿಲ್ಲ.

"ದಿನಾ ಕೇಳಿಸ್ತಿತ್ತು," ಎಂದ.