ಒಳಗೂ ತೊಳೆದ ಗಾಡಿ

ದೇವರ ಮೇಲೆ ಭಕ್ತಿ ಇರಲಿ, ಯಾರು ಬೇಡ ಅಂದರು? ಆದರೆ ಕರೆಂಟಿನ ಸ್ಕೂಟರಿನ ಮೇಲೆ ಅಷ್ಟೊಂದು ಇರಬಾರದು. ಆಯುಧಪೂಜೆಯ ಬೆಳಿಗ್ಗೆ ಸೊಸೆ ಶೋಭಾರಾಣಿ ಹೂವು ತರಲು ಹೋಗಿದ್ದಾಗ, ಚಿಕ್ಕಮುನಿಯಮ್ಮ ಸೀರೆ ಎತ್ತಿ ಕಟ್ಟಿ, ಹಸುವಿನ ಮೈ ತೊಳೆದ ಹಾಗೆ ಆ ಗಾಡಿಯನ್ನು ತೊಳೆದಿದ್ದಳು. ಸೀಟು ಎತ್ತಿ ಬ್ಯಾಟರಿ ಇರುವ ಗೂಡಿಗೂ ಎರಡು ಬಕೆಟ್ ನೀರು ಸುರಿದಿದ್ದಳು. ಚಾರ್ಜರ್ ಚುಚ್ಚುವ ತೂತಿಗೆ ಅರಿಶಿನ ಕುಂಕುಮ ಮೆತ್ತಿದ್ದಳು.

"ಒಳ್ಗೂ ತೊಳ್ದಿವ್ನಿ ಕಣಮ್ಮ. ನಿನ್ನ ಒತ್ಕೊಂಡು ತಿರುಗೋ ಗಾಡಿ, ಮೇಲ್ಮೇಲೆ ತೊಳುದ್ರೆ ಆಯ್ತದಾ?" ಎಂದಳು.

ಗಾಡಿ ಫಳಫಳ ಹೊಳೆಯುತ್ತಿತ್ತು. ಶೋಭಾರಾಣಿಗೂ ಖುಷಿಯೇ ಆಯಿತು, ಅದೇ ಹೊಟ್ಟೆ ಉರಿಸುವ ಸಂಗತಿ.

ಶೋಭಾರಾಣಿಯ ಗಂಡ ತೀರಿಕೊಂಡ ಮೇಲೆ ಆ ಇಬ್ಬರು ಹೆಂಗಸರ ಮನೆ ನಡೆಯುತ್ತಿದ್ದದ್ದು ಅವಳ ಪ್ಯಾಕಿಂಗ್ ಕೆಲಸದಿಂದ. ಬೊಮ್ಮಸಂದ್ರದ ಮಾತ್ರೆ ಕಂಪನಿಯಲ್ಲಿ ಬೆಳಗಿನ ಶಿಫ್ಟು ಆರಕ್ಕೆ. ಅಷ್ಟು ಹೊತ್ತಿಗೆ ಅವರ ಊರಿಗೆ ಬಸ್ಸಿಲ್ಲ. ದೊಡ್ಡ ಗಾಡಿ ಅವಳ ಕೈಗೆ ಬಗ್ಗದು, ಲೈಸೆನ್ಸೂ ಇಲ್ಲ. ಈ ಹಗುರದ ಗಾಡಿಗಾದರೆ ಲೈಸೆನ್ಸು ಬೇಡ, ಅವಳೊಬ್ಬಳೇ ಎತ್ತಿ ಜಗಲಿಯ ಮೇಲಿಡಬಹುದು. ಕಾಂಟ್ರಾಕ್ಟಿನವರಿಗೆ ಕಂಪನಿಯಲ್ಲಿ ಒಂದೇ ನಿಯಮ: ತಿಂಗಳಲ್ಲಿ ಮೂರು ಸಲ ತಡವಾದರೆ ಹೆಸರು ಹೊಡೆದುಹಾಕುತ್ತಾರೆ.

ಹಬ್ಬದ ರಜೆ ಮುಗಿದ ಬೆಳಿಗ್ಗೆ ಗಾಡಿ ಉಸಿರೆತ್ತಲಿಲ್ಲ. ಸುಟ್ಟ ವಾಸನೆ ಮಾತ್ರ ಬಂತು. ಅವತ್ತು ಅವಳಿಗೆ ಮೊದಲ ತಡ ಬಿತ್ತು. ಸಂಜೆ ಗಾಡಿಯನ್ನು ತಳ್ಳಿಕೊಂಡು ಚಂದಾಪುರದ ಮೆಕ್ಯಾನಿಕ್ ಈರೇಶನ ಹತ್ತಿರ ಹೋದಳು.

"ಅಕ್ಕ, ಬ್ಯಾಟರಿ, ವೈರಿಂಗು ಎಲ್ಲಾ ಹೋಗಿದೆ. ಈ ಗಾಡಿ ಮಾಡ್ತಿದ್ದ ಕಂಪ್ನಿನೇ ಮುಚ್ಚೋಯ್ತು. ಪಾರ್ಟ್ಸ್ ಎಲ್ಲೂ ಸಿಗಲ್ಲ," ಎಂದ ಈರೇಶ್. "ಸುಮ್ನೆ ನಾಳೆ ಬಾ, ನಾಡಿದ್ದು ಬಾ ಅಂತ ನಿಮ್ಮನ್ನ ಅಲೆಸಲ್ಲ."

ಮನೆಗೆ ಬಂದವಳೇ ಅತ್ತೆಯ ಮೇಲೆ ಹರಿಹಾಯ್ದಳು. "ಗಾಡಿ ಕೊಂದ್ಬಿಟ್ರಲ್ಲ! ಯಾರು ಹೇಳಿದ್ರು ನಿಮ್ಗೆ ಒಳಗೆ ನೀರು ಹುಯ್ಯಿ ಅಂತ?" ಚಿಕ್ಕಮುನಿಯಮ್ಮ ಅವತ್ತು ಊಟ ಮುಟ್ಟಲಿಲ್ಲ. ಮರುದಿನ ಆಟೋಗೆ ಕಾದು ಕಾದು ಎರಡನೆಯ ತಡವೂ ಬಿತ್ತು.

ಮೂರನೆಯ ದಿನ ಶೋಭಾರಾಣಿ ನಾಲ್ಕೂವರೆಗೇ ನಡೆದು ಹೊರಟಳು. ಬಿರಬಿರನೆ ನಡೆದರೆ ಆರರೊಳಗೆ ಗೇಟು ಮುಟ್ಟಬಹುದಿತ್ತು. ಅರ್ಧ ದಾರಿಯಲ್ಲಿ ಹಿಂದಿನಿಂದ ಏದುಸಿರು ಕೇಳಿಸಿತು. ತಿರುಗಿದರೆ ಅತ್ತೆ, ಮನೆಯಿಂದಲೇ ಬೆನ್ನ ಹಿಂದೆ ಓಡೋಡಿ ಬಂದವಳು, ಈಗ ಚಪ್ಪಲಿ ಕೈಯಲ್ಲಿ ಹಿಡಿದು ಕುಂಟುತ್ತಾ ಬರುತ್ತಿದ್ದಾಳೆ.

"ತಪ್ಪು ನಂದು ಅಂತ ನಾನೇ ಯೋಳ್ತೀನಿ. ಸಾಹೇಬ್ರ ಕಾಲಾದ್ರೂ ಇಡೀತೀನಿ."

"ಅಯ್ಯೋ, ಮನೆಗೆ ಹೋಗಿ ಅತ್ತೆ. ಟೈಮಿಲ್ಲ ನಂಗೆ!"

ಮುದುಕಿ ಅಲ್ಲಾಡಲಿಲ್ಲ. ಪಕ್ಕದಲ್ಲೇ ಲಾರಿಗಳು ನುಗ್ಗುತ್ತಿದ್ದವು, ಅವಳ ಕಣ್ಣಿಗೋ ಪೊರೆ ಬಂದಿತ್ತು. ಬಿಟ್ಟು ಓಡಿಬಿಡಲೇ ಎಂದು ಶೋಭಾರಾಣಿಗೆ ಒಂದು ಗಳಿಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಕೈ ಹಿಡಿದುಕೊಂಡಳು. ಮುದುಕಿಯ ನಡಿಗೆಯಲ್ಲಿಯೇ ಇಬ್ಬರೂ ನಡೆದರು.

ಲಾರಿಗಳಿಲ್ಲದ ಕಂಪನಿ ರಸ್ತೆಗೆ ತಿರುಗಿದ ಮೇಲೆ ಶೋಭಾರಾಣಿ ಅತ್ತೆಯ ಕೈ ಬಿಟ್ಟು ಮುಂದಕ್ಕೆ ಓಡಿದಳು. ಗೇಟು ಮುಟ್ಟಿದಾಗ ಆರೂ ಹತ್ತು. ಸೂಪರ್‌ವೈಸರ್ ಅಂಬರೀಶ್ ತಲೆ ತಗ್ಗಿಸಿಯೇ, "ಇದು ಮೂರನೇದು ಅಕ್ಕ. ನನ್ ಕೈಲೇನೂ ಇಲ್ಲ, ಕಾರ್ಡ್ ಕೊಟ್ಬಿಡಿ," ಎಂದ. ಅವಳು ಕೊರಳಿನಿಂದ ಕಾರ್ಡು ತೆಗೆದು ಕೊಟ್ಟಳು.

ಹಿಂದೆ ಬಿದ್ದಿದ್ದ ಚಿಕ್ಕಮುನಿಯಮ್ಮ ಅಷ್ಟರಲ್ಲಿ ಬಂದು ಕೈ ಮುಗಿದಳು. "ಸಾಮಿ, ಗಾಡಿ ಕೆಡಿಸ್ದೋಳು ನಾನು. ಎರಡು ದಿನ ತಡ ಆಗಿದ್ದ ಮನ್ನಿಸ್ಬುಡಿ. ಇವತ್ತು ನೋಡಿ, ಸರ್ಯಾಗಿ ಬಂದವ್ಳೆ."

ಅಂಬರೀಶ್ ಶೋಭಾರಾಣಿಯ ಮುಖ ನೋಡಿದ. ಅತ್ತೆಗೆ ಗೊತ್ತಾಗುವುದು ಬೇಡ, ಸುಮ್ಮನೆ ಹೂಂ ಅನ್ನಿ ಎಂದು ಅವಳು ಕಣ್ಣಲ್ಲೇ ಬೇಡಿಕೊಂಡಳು.

"ಆಯ್ತಜ್ಜಿ," ಎಂದ ಅವನು.

ಮುದುಕಿಯ ಮುಖ ಅರಳಿತು. ಸೊಸೆಯ ಬೆನ್ನು ಸವರಿ, "ಓಗು ನನ್ನವ್ವ, ಒಳಕ್ಕೋಗು. ನೀನು ಬರಾಗಂಟ ನಾನಿಲ್ಲೇ ಕುಂತಿರ್ತೀನಿ," ಎಂದು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟಳು.