ಹಗ್ಗದ ಎಂಟು ಗಂಟು

ಪಂಪು ನೀರಿನ ಬದಲು ಗಾಳಿ ಎಳೆಯತೊಡಗಿತು. ಬಟ್ಟೆ ಒಗೆಯುವ ಅಂಗಡಿಯ ಅಕ್ಕ ಗಾಬರಿಯಿಂದ ಬಾವಿಗೆ ಬಕೆಟ್ಟು ಇಳಿಸಿದಳು. ಅದು ತಳಕ್ಕೆ ಬಡಿದು ಠಣ್ ಎಂದಿತು. ಒಳಗೆ ಆಸ್ಪತ್ರೆಯ ಅರವತ್ತು ಹಾಸುಬಟ್ಟೆಗಳು ಕಾದಿದ್ದವು. ಬಾವಿ ಬತ್ತಿದರೆ ಅಂಗಡಿಗೆ ಬೀಗವೇ ಗತಿ.

ಗಂಡ ಮಾತ್ರ ಗತ್ತಿನಲ್ಲಿದ್ದ. ಬಾವಿ ಕೊರೆಯುವ ಲಾರಿಯನ್ನು ಆಗಲೇ ಬಾಗಿಲಿಗೆ ಕರೆಸಿದ್ದ.

"ಹೆದರ್ಬೇಡ ಕಣೇ. ಬಾವಿ ತಳದಿಂದ ಇನ್ನೂ ಐನೂರು ಅಡಿ ಕೊರೆಸ್ತೀನಿ. ಕೆಳಗೆ ನದೀನೇ ಹರೀತಿದೆ."

"ನೀವು ಹೋಗಿ ನೋಡ್ಕೊಂಡು ಬಂದ್ರಾ?"

ಎನ್ನುತ್ತ ಅವಳು ಖಾಲಿ ಬಕೆಟ್ಟನ್ನು ಮೇಲೆಳೆದಳು.

ಅಷ್ಟರಲ್ಲಿ ಟೇಪಕ್ಕ ಬಂದಳು. ಊರಿನ ನದಿಯ ಎರಡೂ ದಡದ ಬಾವಿಗಳಲ್ಲಿ ನೀರಿನ ಮಟ್ಟ ಅಳೆಯುವುದು ಅವಳ ಕೆಲಸ. ಅಳತೆಯ ಟೇಪು ಸದಾ ಬಗಲಲ್ಲೇ ಇರುವುದರಿಂದ ಆ ಹೆಸರು. ಅವಳ ಕಣ್ಣು ಮೊದಲು ಬಕೆಟ್ಟಿನ ಹಗ್ಗದ ಮೇಲೆ ಬಿತ್ತು.

"ಇಷ್ಟೊಂದು ಗಂಟು ಯಾಕಕ್ಕಾ?"

"ನೀರು ಕೆಳಗೆ ಹೋದಾಗೆಲ್ಲ ಒಂದೊಂದು ತುಂಡು ಸೇರಿಸ್ದೆ. ಮೂರು ವರ್ಷದಿಂದ."

ಟೇಪಕ್ಕ ಎಣಿಸಿದಳು. "ಎಂಟು. ಎಂಟು ಸಲ ಬಾವಿ ಕೂಗಿ ಹೇಳಿದೆ. ನೀವು ಎಂಟು ಸಲ ಹಗ್ಗ ಕೊಟ್ಟು ಸುಮ್ಮನಿರಿಸಿದ್ದೀರಿ."

ಅಕ್ಕ ಹಗ್ಗದತ್ತ ನೋಡಿದಳು. ಆ ಗಂಟುಗಳನ್ನೆಲ್ಲ ಕಟ್ಟಿದ್ದು ಅವಳದೇ ಕೈ.

"ಅದಕ್ಕೇ ಅಲ್ವಾ ಆಳಕ್ಕೆ ಕೊರೆಸ್ತಿರೋದು!" ಎಂದ ಗಂಡ.

ಟೇಪಕ್ಕ ಅಂಗಳದ ಎರಡು ಕಲ್ಲುಗಳ ಮೇಲೆ ನೀರು ಸುರಿದಳು. ತೂತು, ಬಿರುಕು ತುಂಬಿದ ಹಳೆಯ ಒಗೆಯುವ ಕಲ್ಲು ನೀರನ್ನು ಕುಡಿಯಿತು. ನುಣುಪಾದ ಹೊಸ ಕಲ್ಲಿನ ಮೇಲೆ ನೀರು ನಿಲ್ಲದೆ ಜಾರಿತು.

"ಎರಡೂ ಒಂದೇ ಕಪ್ಪು ಕಲ್ಲು. ಯಾವ ಕಾಲದಲ್ಲೋ ಲಾವಾ ಉಕ್ಕಿ, ಪದರ ಪದರವಾಗಿ ಆರಿ ಆಗಿದ್ದು. ನಿಮ್ಮ ನೀರಿರೋದು ಮೇಲಿನ ಬಿರುಕಿನ ಪದರದಲ್ಲಿ. ಅದರ ಕೆಳಗೆ ಗಟ್ಟಿ ಕಲ್ಲು. ಅದೇ ನೀರಿನ ತಟ್ಟೆ. ಆ ತಟ್ಟೆಗೇ ತೂತು ಹೊಡೆದು ಕೆಳಗೆ ಒಣ ಬಿರುಕು ಸಿಕ್ಕಿದ್ರೆ, ಇರೋ ನೀರೂ ಇಳಿದುಹೋಗಬಹುದು."

ಅಕ್ಕನಿಗೆ ಪಕ್ಕದ ಬೇಕರಿ ನೆನಪಾಯಿತು. ಹೋದ ವರ್ಷ ಅವರೂ ಬಾವಿಯ ತಳ ಕೊರೆಸಿದ್ದರು. ಬಂದದ್ದು ಬೂದು ಧೂಳು; ನಾಲ್ಕನೇ ದಿನ ಬಾವಿಯೇ ಬರಿದಾಯಿತು. ಆ ಒಲೆ ಮತ್ತೆ ಹೊತ್ತಲಿಲ್ಲ.

"ಅದು ಅವರ ಹಣೆಬರಹ," ಎಂದ ಗಂಡ. ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ.

"ಹಣೆಬರಹ ಬಿಡಿ, ಅಳತೆ ನೋಡಿ. ಸಂಜೆವರೆಗೂ ಪಂಪು ಮುಟ್ಟಬೇಡಿ. ಎಷ್ಟು ನೀರು ಊರುತ್ತೆ ನೋಡೋಣ."

ಲಾರಿಯವನು ದಿನವಿಡೀ ಹಾರ್ನ್ ಹೊಡೆದ. ಪ್ರತಿ ಹಾರ್ನಿಗೂ ಅಕ್ಕ ಬೆಚ್ಚಿಬಿದ್ದಳು. ಸಂಜೆ ಗಂಡ ತಾನೇ ಟೇಪು ಇಳಿಸಿದ. ನಂಬಿಕೆ ಬಾರದೆ ಮೂರು ಸಲ ಇಳಿಸಿದ. ಊರಿದ್ದು ಎರಡೇ ಗೇಣು.

"ಇಷ್ಟನ್ನ ನಾವು ಅರ್ಧ ಗಂಟೇಲಿ ಎಳೆದುಬಿಡ್ತೀವಿ. ಕೊರೆಸಿ ಇದನ್ನೂ ಕಳ್ಕೊಳ್ಳೋದು ಬೇಡ," ಎಂದ ಮೆಲ್ಲಗೆ. ಆಮೇಲೆ ಬಾಗಿಲಿಗೆ ಹೋಗಿ, "ಹೊರಡಪ್ಪಾ," ಎಂದ.

ಅಕ್ಕನ ಹೆದರಿಕೆ ಇನ್ನೂ ಹೋಗಿಲ್ಲ. ಆದರೆ ಈಗ ಅದಕ್ಕೊಂದು ಕೆಲಸ ಸಿಕ್ಕಿದೆ. ವಾರಕ್ಕೊಮ್ಮೆ, ಪಂಪು ಹಾಕುವ ಮೊದಲು, ಬಾವಿ ಅಳೆದು ಗೋಡೆಯ ಮೇಲೆ ಬರೆಯುತ್ತಾಳೆ. ಊರಿದಷ್ಟೇ ನೀರು, ಅಷ್ಟೇ ಬಟ್ಟೆ. ಕೊನೆಯ ಸಲ ಬಟ್ಟೆ ಜಾಲಿಸಿದ ನೀರು ಮುಂದಿನ ಕಂತಿನ ಮೊದಲ ಒಗೆತಕ್ಕೆ. ಛಾವಣಿಯ ಮಳೆನೀರು ಜಲ್ಲಿ ತುಂಬಿದ ಗುಂಡಿಯ ಮೂಲಕ ನೆಲಕ್ಕೆ. ಬೀದಿಯ ಉಳಿದ ಐದು ಬಾವಿಯವರೂ ಅದೇ ಗೋಡೆಗೆ ಬಂದು ಬರೆಯುತ್ತಾರೆ. ಆರು ಬಾವಿಗೂ ತಟ್ಟೆ ಒಂದೇ ತಾನೆ.

ಓದುತ್ತಿರುವ ಅಕ್ಕ, ಅಣ್ಣ, ಇವತ್ತೇ ನಿಮ್ಮ ಬಾವಿಯ ಹಗ್ಗ ಹಿಡಿದು ನೋಡಿ. ಎಷ್ಟು ಗಂಟಿವೆ? ಇನ್ನೊಂದನ್ನು ಕಟ್ಟುವ ಮೊದಲು, ಲಾರಿ ಕರೆಸುವ ಮೊದಲು, ನೀರು ಅಳೆಯಿರಿ. ನಿಮ್ಮ ನೆರೆಯವರನ್ನೂ ಕರೆದುಕೊಂಡು ಅಳೆಯಿರಿ.