ಮೈಮೇಲೆ ನೀರು

ಹಿಟ್ಟು ಉಬ್ಬಿ ಪಾತ್ರೆಯ ಅಂಚು ಮುಟ್ಟಿತ್ತು. ಒಲೆಯ ಮೇಲೆ ಅಗಸೆ ಎಣ್ಣೆ ಕಾಯುತ್ತಿತ್ತು. ಬಾಣಲೆಯ ಮುಂದಿನ ಮಣೆಯೊಂದೇ ಖಾಲಿ. ರೊಟ್ಟಿ ತಟ್ಟುತ್ತಿದ್ದ ಹೆಂಗಸರು ಅದರ ಕಡೆ ನೋಡುತ್ತಿರಲಿಲ್ಲ. ನೋಡಿದರೆ ಪಕ್ಕದಲ್ಲಿ ನಿಂತ ಸೈಲಿಮೈಯ ಮುಖವನ್ನೂ ನೋಡಬೇಕಾಗುತ್ತಿತ್ತು.

ಆ ಮಣೆ ಯಾರದೆಂದು ಅತ್ತೆ ಸಾಯುವ ಮೊದಲೇ ಹೇಳಿದ್ದಳು. "ನಾನು ಸತ್ತ ನಲವತ್ತನೇ ದಿನ ಎಣ್ಣೆರೊಟ್ಟಿ ಕರಿಯೋಕೆ ಹಾಯಿಚೆ ಕೂರ್ಲಿ. ಅವಳ ಕೈ ಹಗುರ." ಹಾಗೆ ಹೇಳುವಾಗ ಅವಳ ತಲೆ ಇದ್ದದ್ದು ಸೈಲಿಮೈಯ ತೊಡೆಯ ಮೇಲೆ.

ಎರಡು ಚಳಿಗಾಲ ಅತ್ತೆಯ ಹೇಲುಚ್ಚೆ ಬಳಿದವಳು ಹಿರಿಸೊಸೆ ಸೈಲಿಮೈ. ಪಕ್ಕದ ಅಂಗಳದ ವಾರಗಿತ್ತಿ ಹಾಯಿಚೆ ಸಂಜೆ ಬಂದು, ಹಾಸಿಗೆಯ ತುದಿಯಲ್ಲಿ ಕೂತು, ನಗಿಸಿ ಹೋಗುತ್ತಿದ್ದಳು. ಒಮ್ಮೆ ಹಾಯಿಚೆ ಹೇಳಿದ್ದ ಕತ್ತೆಯ ಕಥೆಯನ್ನೇ ಸೈಲಿಮೈಯೂ ಹೇಳಿ ನೋಡಿದಳು. ಅತ್ತೆ ಪೂರ್ತಿ ಕೇಳಿಸಿಕೊಂಡು, "ಬಾಗಿಲು ಹಾಕು, ಚಳಿ" ಎಂದಳು.

"ಎಣ್ಣೆಗಿಂತ ನೀನೇ ಜಾಸ್ತಿ ಕಾದಂಗಿದೆ," ಎಂದಳು ರೊಟ್ಟಿ ತಟ್ಟುತ್ತಿದ್ದ ನೆರೆಮನೆಯ ಜುಲೈಹಾ ಅಜ್ಜಿ.

"ಹೊಗೆ, ಅಜ್ಜಿ."

"ಹೊಗೆ ನಮ್ಮ ಕಣ್ಣಿಗೂ ಬಂತು. ನಮ್ಮ ಮೂತಿ ಹಿಂಗಾಗಿಲ್ಲಪ್ಪ."

ಕರಿದ ವಾಸನೆ ಗುಡ್ಡದ ಮೇಲಿನ ಗೋರಿಯವರೆಗೂ ಹೋಗುತ್ತದೆ. ಕರಿದ ಕೈ ಯಾರದೆಂದು ಸತ್ತವರಿಗೆ ಗೊತ್ತಾಗುತ್ತದೆ. ಅತ್ತೆಗೆ ಒಮ್ಮೆಯಾದರೂ ತನ್ನ ಕೈ ಗೊತ್ತಾಗಲಿ ಎನ್ನುವುದಷ್ಟೇ ಸೈಲಿಮೈಯ ಆಸೆ.

ಹಾಯಿಚೆ ಅಂಗಿಯ ತೋಳು ಮಡಚಿಕೊಳ್ಳುತ್ತಾ ಬಾಗಿಲಿಗೆ ಬಂದಳು. "ಎಲ್ಲಾ ಮುಗಿಸ್ಬಿಟ್ಟಿದ್ದೀರಲ್ಲ, ನನಗೆ ತಿನ್ನೋ ಕೆಲಸ ಮಾತ್ರ ಉಳಿಸಿದ್ದೀರಾ?" ಹೆಂಗಸರು ನಕ್ಕರು. ಅಜ್ಜಿಯೂ ನಕ್ಕಳು.

"ಹಾಯಿಚೆ," ಎಂದಳು ಸೈಲಿಮೈ. "ಮೈಮೇಲೆ ನೀರಿದೆಯಾ?"

ತಟ್ಟುತ್ತಿದ್ದ ಕೈಗಳು ನಿಂತವು. ಮುಟ್ಟು ಕಳೆದ ಮೇಲೆ, ಗಂಡನ ಜೊತೆ ಮಲಗಿದ ಮೇಲೆ ವಿಧಿಯಂತೆ ತಲೆಯಿಂದ ಕಾಲಿನವರೆಗೆ ಮಿಂದಿದ್ದರೆ ಮೈಮೇಲೆ ನೀರಿದೆ ಎಂದರ್ಥ; ಹಾಗೆ ಮಿಂದಿರದವರು ಬಾಣಲೆ ಮುಟ್ಟುವಂತಿಲ್ಲ, ಕುರ್‌ಆನ್ ಓದುವ ಕೋಣೆಯ ಹೊಸ್ತಿಲು ದಾಟುವಂತಿಲ್ಲ. ಇದು ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಸಂಸಾರಸ್ಥ ಹೆಂಗಸನ್ನು ನಾಲ್ಕು ಜನರೆದುರು ಯಾರೂ ಹಾಗೆ ಕೇಳುವುದಿಲ್ಲ.

ಸೈಲಿಮೈಗೂ ಗೊತ್ತಿತ್ತು. ಬೆಳಿಗ್ಗೆ ಗೋಡೆಯಾಚೆ ಹಾಯಿಚೆ ಸ್ನಾನಕ್ಕೆ ಮೇಲೆ ತೂಗುಹಾಕಿದ ಗಡಿಗೆಯಿಂದ ನೀರು ಸುರಿಯುವ ಸದ್ದು ಅವಳಿಗೆ ಕೇಳಿಸಿತ್ತು. ಮಳೆಹೊಂಡ ತಳ ಕಂಡಿರುವ ಈ ತಿಂಗಳಲ್ಲಿ ಅಷ್ಟು ಹೊತ್ತು ಸುರಿಯುತ್ತಿದೆಯಲ್ಲ ಎಂದು ಹೊಟ್ಟೆ ಉರಿದಿತ್ತು ಕೂಡ.

ಹಾಯಿಚೆ ವಾರಗಿತ್ತಿಯನ್ನು ನೋಡಿದಳು. ಖಾಲಿ ಮಣೆಯನ್ನು ನೋಡಿದಳು. ಅವಳ ಬಿಳಿ ತಲೆವಸ್ತ್ರದೊಳಗಿಂದ ಒಂದು ಹನಿ ಜಾರಿ ಕಿವಿಯ ಹಿಂದೆ ಇಳಿಯಿತು.

"ಇಲ್ಲ ಅಕ್ಕ," ಎಂದಳು. "ನೀನೇ ಕೂತ್ಕೋ."

"ಇವತ್ತೇ ಆಗ್ಬೇಕಿತ್ತಾ ನಿಂಗೆ?" ಅಜ್ಜಿ ಗೊಣಗಿದಳು. "ಅತ್ತೆ ಹೆಸರಲ್ಲಿ ಓದೋ ದಿನವೇ."

"ಅದೇನು ಹೇಳಿ ಕೇಳಿ ಬರುತ್ತಾ, ಅಜ್ಜಿ?" ಹಾಯಿಚೆ ಮಡಚಿದ ತೋಳನ್ನು ಬಿಚ್ಚಿಕೊಂಡು ಅಂಗಳಕ್ಕೆ ಇಳಿದಳು.

ಸುಳ್ಳು, ಅವಳ ಮೈಮೇಲೆ ನೀರಿದೆ, ನಾನೇ ಕೇಳಿಸಿಕೊಂಡಿದ್ದೇನೆ ಎನ್ನುವ ಮಾತು ಸೈಲಿಮೈಯ ನಾಲಿಗೆಯ ಮೇಲೆ ಬಂತು. ಅವಳು ಮಣೆಯ ಮೇಲೆ ಕೂತಳು.

ಮೊದಲ ರೊಟ್ಟಿ ಎಣ್ಣೆಯಲ್ಲಿ ಮುಳುಗಿ, ಎದ್ದು, ಚಂದ್ರನಂತೆ ಉಬ್ಬಿತು. ಎರಡನೆಯದೂ ಉಬ್ಬಿತು. ಒಂದೂ ಸೀಯಲಿಲ್ಲ.

"ನಿನ್ನ ಕೈಗೇನು ಕಮ್ಮಿಯಾಗಿತ್ತು?" ಅಜ್ಜಿ ಎಂದಳು. "ಮುದುಕಿ ಸುಮ್ನೆ ಹಾಯಿಚೆ ಹಾಯಿಚೆ ಅಂತಿದ್ಲು."

ಇಷ್ಟು ದಿನ ತನ್ನೊಳಗೇ ಹೇಳಿಕೊಳ್ಳುತ್ತಿದ್ದ ಮಾತು ಅದು. ಈಗ ಕೇಳಿದಾಗ ಸೈಲಿಮೈಗೆ ಹೊಳೆದದ್ದು ಇನ್ನೊಂದು: ಇದನ್ನೂ ಹಾಯಿಚೆಯೇ ಕೊಟ್ಟಳು. ಯೋಚನೆಯನ್ನೂ ಮಾಡದೆ ಕೊಟ್ಟಳು. ಹೊಟ್ಟೆಯ ಉರಿ ಆರಲಿಲ್ಲ, ಬೇರೆ ಕಡೆಯಿಂದ ಹತ್ತಿಕೊಂಡಿತು.

ಒಳಕೋಣೆಯಲ್ಲಿ ಓದು ಶುರುವಾಯಿತು. ಹೆಂಗಸರು ಒಬ್ಬೊಬ್ಬರಾಗಿ ಕೈ ತೊಳೆದು ಒಳಗೆ ಹೋದರು. ಕೊನೆಯ ರೊಟ್ಟಿಯನ್ನು ಎತ್ತುತ್ತಾ ಸೈಲಿಮೈ ಬಾಗಿಲಾಚೆ ನೋಡಿದಳು.

ಅಂಗಳದ ತುದಿಯ ಕುರಿದೊಡ್ಡಿಯಲ್ಲಿ ಹಾಯಿಚೆ ಓದಿನ ಕಡೆಗೆ ಕಿವಿಗೊಟ್ಟು, ಕಣ್ಣು ಮುಚ್ಚಿ, ಎರಡೂ ಅಂಗೈಗಳನ್ನು ಎದೆಯ ಮುಂದೆ ಬಿಡಿಸಿ ಹಿಡಿದು ನಿಂತಿದ್ದಳು. ಮೇವಿದೆಯೇನೋ ಎಂದು ಒಂದು ಕುರಿ ಹತ್ತಿರ ಬಂದು, ಕತ್ತು ಚಾಚಿ ಆ ಕೈಗಳನ್ನು ಮೂಸಿತು.